ದುಡ್ಡು ಕಟ್ ಆಯ್ತು, ಟಿಕೆಟ್ ಬರ್ಲಿಲ್ಲ, ಈಗೇನ್ ಮಾಡೋದು?

ಹಬ್ಬದ ಸೀಸನ್ ಹತ್ರ ಬಂದ್ರೆ ಸಾಕು, ನಂಗೆ ಬರೋ ಪ್ರಶ್ನೆಗಳೆಲ್ಲ ಟಿಕೆಟ್ ಬುಕಿಂಗ್ ಸುತ್ತಾನೇ ಇರತ್ತೆ. ಈ ಸಲ ನಾಲ್ಕು ತಗೊಂಡಿದೀನಿ, ಮೊದಲನೇದು ಸ್ವಲ್ಪ ಅರ್ಜೆಂಟ್ ಇರೋದ್ರಿಂದ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಸರ್, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸ್ಲೀಪರ್ ತತ್ಕಾಲ್ ಹಾಕ್ತಿದ್ದೆ, ಬೆಳಿಗ್ಗೆ 11ಕ್ಕೆ ಸರಿಯಾಗಿ ಎಲ್ಲ ತುಂಬಿ ಯುಪಿಐನಲ್ಲಿ ಪೇ ಮಾಡಿದೆ, ಅಕೌಂಟಿಂದ ದುಡ್ಡು ಕಟ್ ಆಯ್ತು ಆದ್ರೆ ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾನೇ ಇತ್ತು, ಟಿಕೆಟ್ ಇಲ್ಲ. ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದ್ರೆ ಒಬ್ರು ಬಹಳ ಮರ್ಯಾದೆಯಿಂದ ಮಾತಾಡಿ "ರಿಫಂಡ್ ಫಾರ್ಮ್" ಅಂತ ವಾಟ್ಸಾಪ್‌ಗೆ ಫೈಲ್ ಕಳಿಸಿದ್ರು, ಇನ್‌ಸ್ಟಾಲ್ ಮಾಡ್ಕೊಂಡೆ. ಆಮೇಲೆ ಪಿನ್ ಹಾಕಿ ಅಂದ್ರು, ಡೌಟ್ ಬಂದು ಫೋನ್ ಇಟ್ಬಿಟ್ಟೆ. ಮುಂದೇನು? (ಹುಬ್ಬಳ್ಳಿ ಓದುಗರು)

ಉತ್ತರ: ಪಿನ್ ಹಾಕದೇ ಇದ್ದಿದ್ದು ಪುಣ್ಯ. ಆದ್ರೆ ಆ ಫೈಲ್ ಇನ್ನೂ ಫೋನಲ್ಲಿ ಇದ್ರೆ ರಿಫಂಡ್ ಕಥೆ ಆಮೇಲೆ ನೋಡೋಣ, ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈನೂ ಆಫ್ ಇದ್ಯಾ ನೋಡ್ಕೊಳ್ಳಿ. ಇಂಥ ಫೈಲ್‌ಗಳು ಫಾರ್ಮ್ ಗೀರ್ಮ್ ಏನೂ ಅಲ್ಲ, ಅದು ಎಪಿಕೆ, ಅಂದ್ರೆ ಪ್ಲೇ ಸ್ಟೋರ್ ಹೊರಗಿಂದ ಬರೋ ಆ್ಯಪ್. ಒಳಗೆ ಬಂದ್ಮೇಲೆ ಮೆಸೇಜ್ ಓದೋ ಪರ್ಮಿಷನ್ ಕೇಳತ್ತೆ, ನೀವು ಅವಸರದಲ್ಲಿ ಅಲೋ ಅಲೋ ಅಂತ ಒತ್ತಿರ್ತೀರ, ಆಮೇಲೆ ಅವ್ರು ನಿಮ್ಮನ್ನ ಒಟಿಪಿ ಕೇಳೋ ಅವಶ್ಯಕತೆನೇ ಇಲ್ಲ, ತಾನಾಗೇ ಅವ್ರಿಗೆ ಹೋಗತ್ತೆ. 2023ರಲ್ಲಿ ಐಆರ್‌ಸಿಟಿಸಿ ಹೆಸರಲ್ಲೇ ಇಂಥದ್ದೊಂದು ನಕಲಿ ಆ್ಯಪ್ ವಾಟ್ಸಾಪ್ ಟೆಲಿಗ್ರಾಂನಲ್ಲಿ ಓಡಾಡ್ತಿತ್ತು, ಅವ್ರೇ ಪ್ರಕಟಣೆ ಕೊಟ್ಟು ಹಾಕ್ಕೋಬೇಡಿ ಅಂದಿದ್ರು.

ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರತ್ತೆ, ಅಲ್ಲಿ ಗುರುತಿಲ್ಲದ ಹೆಸರು ಆನ್ ಆಗಿದ್ರೆ ಆಫ್ ಮಾಡಿ, ಆಮೇಲೆ ಆ್ಯಪ್ ತೆಗೀರಿ. ಅನ್‌ಇನ್‌ಸ್ಟಾಲ್ ಬಟನ್ನೇ ಕೆಲಸ ಮಾಡ್ತಿಲ್ಲ ಅಂದ್ರೆ ಸೆಟ್ಟಿಂಗ್ಸ್‌ನಲ್ಲೇ ಇರೋ ಡಿವೈಸ್ ಅಡ್ಮಿನ್ (ಫೋನ್ ಮೇಲೆ ಹಿಡಿತ ಇರೋ ಆ್ಯಪ್‌ಗಳ) ಲಿಸ್ಟಲ್ಲಿ ಸೇರ್ಕೊಂಡಿರತ್ತೆ, ಅಲ್ಲಿಂದ ಟಿಕ್ ತೆಗೆದು ಮತ್ತೆ ಟ್ರೈ ಮಾಡಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಫೋಟೋ ಬ್ಯಾಕಪ್ ತಗೊಂಡು ಫ್ಯಾಕ್ಟರಿ ರೀಸೆಟ್, ಬೇರೆ ದಾರಿ ಇಲ್ಲ. ಇದೆಲ್ಲ ಆಗೋಷ್ಟ್ರಲ್ಲಿ ಮನೇಲಿ ಇನ್ನೊಬ್ರ ಫೋನಿಂದ ಬ್ಯಾಂಕಿಗೆ ಕಾಲ್ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡ್ಸಿ. ನಂಬರ್ ಎಟಿಎಂ ಕಾರ್ಡ್ ಹಿಂದೆ ಇರತ್ತೆ, ದಯವಿಟ್ಟು ಮತ್ತೆ ನೆಟ್‌ನಲ್ಲಿ ಹುಡುಕೋಕೆ ಹೋಗ್ಬೇಡಿ. ಪಾಸ್‌ವರ್ಡ್ ಬದಲಾಯಿಸೋದೂ ಇನ್ನೊಂದು ಫೋನಿಂದಲೇ.

ಅಕಸ್ಮಾತ್ ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ, ಅಂದ್ರೆ ಸೈಬರ್ ವಂಚನೆ ಸಹಾಯವಾಣಿಗೆ ಫೋನ್ ಮಾಡಿ. ನಾಳೆ ಸ್ಟೇಷನ್‌ಗೆ ಹೋದ್ರಾಯ್ತು ಅಂತ ಕೂರಬೇಡಿ, ಆ ದುಡ್ಡು ಅಕೌಂಟಿಂದ ಅಕೌಂಟಿಗೆ ಹಾರ್ತಾ ಹೋಗತ್ತೆ, ಎಲ್ಲೋ ಒಂದು ಕಡೆ ನಿಂತಿರೋವಾಗ ತಡೆ ಹಿಡಿಯೋದೇ 1930ರ ಕೆಲಸ. ಬ್ಯಾಂಕಿಗೆ ಹೇಳಿದ ಟೈಮೂ ಮುಖ್ಯ. 2017ರ ಆರ್‌ಬಿಐ ನಿಯಮದ ಪ್ರಕಾರ ನಿಮ್ಮ ನಿರ್ಲಕ್ಷ್ಯದಿಂದ, ಅಂದ್ರೆ ಪಿನ್ನೋ ಒಟಿಪಿನೋ ಕೊಟ್ಟು ದುಡ್ಡು ಹೋಗಿದ್ರೆ ಬ್ಯಾಂಕಿಗೆ ತಿಳಿಸೋ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲೂ ಹೋದ್ರೆ ಅದು ಬ್ಯಾಂಕಿಂದು. ಅದಕ್ಕೇ ಕಂಪ್ಲೇಂಟ್ ನಂಬರ್, ಫೋನ್ ಮಾಡಿದ ಟೈಮು ಎರಡೂ ಬರ್ದಿಟ್ಕೊಳ್ಳಿ.

ಈಗ ನಿಮ್ಮ ಟಿಕೆಟ್ ದುಡ್ಡು. ಇಲ್ಲಿ ಎರಡು ಥರ ಆಗತ್ತೆ. ಒಂದು, ದುಡ್ಡು ಬ್ಯಾಂಕಿಂದ ಹೊರಟಿದೆ ಆದ್ರೆ ಬುಕಿಂಗ್ ಸೈಟ್‌ಗೆ "ಬಂತು" ಅನ್ನೋ ಸುದ್ದಿ ಮುಟ್ಟಿಲ್ಲ. ಎರಡು, ಸುದ್ದಿ ಮುಟ್ಟಿದೆ ಆದ್ರೆ ಅಷ್ಟ್ರಲ್ಲಿ ಸೀಟ್ ಖಾಲಿ ಆಗಿದೆ, ತತ್ಕಾಲ್‌ನಲ್ಲಿ ಇದು ಮಾಮೂಲಿ. ಲಾಗಿನ್ ಆಗಿ ಮೈ ಟ್ರಾನ್ಸಾಕ್ಷನ್ಸ್ ಒಳಗೆ ಬುಕ್ಡ್ ಟಿಕೆಟ್ ಹಿಸ್ಟರಿ ನೋಡಿ, ಕೆಲವು ಸಲ ಸ್ಕ್ರೀನ್ ಹ್ಯಾಂಗ್ ಆಗಿರತ್ತೆ ಆದ್ರೆ ಟಿಕೆಟ್ ಆರಾಮಾಗಿ ಅಲ್ಲಿ ಕೂತಿರತ್ತೆ, ಜನ ನೋಡದೇ ಇನ್ನೊಂದು ಬುಕ್ ಮಾಡಿ ಆಮೇಲೆ ಒಂದನ್ನ ಕ್ಯಾನ್ಸಲ್ ಮಾಡಕ್ಕೆ ಹೋಗ್ತಾರೆ, ಕನ್ಫರ್ಮ್ ತತ್ಕಾಲ್ ಕ್ಯಾನ್ಸಲ್ ಮಾಡಿದ್ರೆ ಒಂದ್ ರೂಪಾಯಿನೂ ವಾಪಸ್ ಬರಲ್ಲ ಗೊತ್ತಿರಲಿ. ಅಲ್ಲಿ ಇಲ್ಲ ಅಂದ್ರೆ ಪಕ್ಕದಲ್ಲೇ ಫೇಲ್ಡ್ ಟ್ರಾನ್ಸಾಕ್ಷನ್ ಹಿಸ್ಟರಿ ಇದೆ, ಅದ್ರಲ್ಲಿ ಸಿಕ್ರೆ ದುಡ್ಡು ಸೈಟ್ ಕಡೆಯಿಂದ ವಾಪಸ್ ಬರತ್ತೆ. ಎರಡರಲ್ಲೂ ಇಲ್ಲ ಅಂದ್ರೆ ಮೊದಲನೇ ಥರ, ದುಡ್ಡು ಮಧ್ಯದಲ್ಲಿದೆ. ಇದಕ್ಕೆ ಆರ್‌ಬಿಐ 2019ರಲ್ಲೇ ಗಡುವು ಹಾಕಿದೆ, ಪೇಮೆಂಟ್ ಮಾಡಿದ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಬರಬೇಕು, ಅದು ದಾಟಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನೂ ನೀವು ಕೇಳದೇನೇ ಕೊಡಬೇಕು. ಕೊಡ್ಲಿಲ್ಲ ಅಂದ್ರೆ ಯುಪಿಐ ಆ್ಯಪ್‌ನಲ್ಲಿ ಆ ಪೇಮೆಂಟ್ ಓಪನ್ ಮಾಡಿ ಅಲ್ಲಿಂದಲೇ ಕಂಪ್ಲೇಂಟ್ ಹಾಕಿ, ಆ ಪೇಮೆಂಟ್‌ನ ಗುರುತಾಗಿ 12 ಅಂಕಿಯ ಯುಟಿಆರ್ ನಂಬರ್ ಇರತ್ತೆ, ಅದೇ ನಿಮ್ಮ ಸಾಕ್ಷಿ. ಬ್ಯಾಂಕಿಗೆ ಕಂಪ್ಲೇಂಟ್ ಕೊಟ್ಟು 30 ದಿನ ಆದ್ರೂ ಉತ್ತರ ಇಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದ್ರೆ ಬ್ಯಾಂಕ್ ಮೇಲಿನ ದೂರು ಕೇಳೋ ಅಧಿಕಾರಿಗೆ ಹೋಗಿ.

ಇದ್ರಲ್ಲಿ ಎಲ್ಲಾದ್ರೂ ನೀವು ಫಾರ್ಮ್ ತುಂಬೋದು, ಅಕೌಂಟ್ ನಂಬರ್ ಕೊಡೋದು, ಪಿನ್ ಒತ್ತೋದು ಬಂತಾ? ಇಲ್ಲ. ಆನ್‌ಲೈನ್ ರಿಫಂಡ್ ಅನ್ನೋದು ಯಾವ ಅಕೌಂಟಿಂದ ಹೋಯ್ತೋ ಅದೇ ಅಕೌಂಟಿಗೆ ಬರತ್ತೆ, ಯಾವ ಕಾರ್ಡಿಂದ ಹೋಯ್ತೋ ಅದೇ ಕಾರ್ಡಿಗೆ. ಯುಪಿಐ ಪಿನ್ ಇರೋದು ದುಡ್ಡು ಕಳಿಸೋಕೆ, ತಗೊಳೋಕೆ ಅಲ್ಲ. ರಿಫಂಡ್ ಕೊಡ್ತೀನಿ ಅಂತ ಕೆಲಸ ಹೇಳೋನು ಎಷ್ಟೇ ಮರ್ಯಾದೆಯಿಂದ ಮಾತಾಡ್ಲಿ, ಕಳ್ಳನೇ. ನಂಬರ್ ಬೇಕೇ ಬೇಕು ಅಂದ್ರೆ ಐಆರ್‌ಸಿಟಿಸಿದು 14646, ರೈಲ್ವೆದು 139.

ಪ್ರಶ್ನೆ: ಅಪ್ಪ ಅಮ್ಮನ್ನ ಕೇದಾರನಾಥಕ್ಕೆ ಕಳಿಸ್ಬೇಕು, ಅಮ್ಮಂಗೆ ಮಂಡಿ ನೋವು ಅದಕ್ಕೆ ಹೆಲಿಕಾಪ್ಟರ್ ನೋಡ್ತಿದ್ದೆ. ಫೇಸ್‌ಬುಕ್‌ನಲ್ಲಿ ಒಂದು ಆಡ್ ಬಂತು, ಸೈಟ್ ನೋಡಕ್ಕೂ ಚೆನ್ನಾಗಿದೆ, ಬೀಗದ ಚಿಹ್ನೆನೂ ಇದೆ, ಅರ್ಧ ದುಡ್ಡು ಕ್ಯೂಆರ್‌ಗೆ ಹಾಕಿ ಅಂತಿದ್ದಾರೆ. ಹಾಕ್ಬಹುದಾ? (ಮೈಸೂರು)

ಉತ್ತರ: ಬೇಡ ಮೇಡಂ. ಕೇದಾರನಾಥದ ಶಟಲ್ ಹೆಲಿಕಾಪ್ಟರ್ ಟಿಕೆಟ್ ಆನ್‌ಲೈನ್‌ನಲ್ಲಿ ಕೊಡೋದು ಐಆರ್‌ಸಿಟಿಸಿಯ ಹೆಲಿಯಾತ್ರಾ ಸೈಟ್ ಮಾತ್ರ, ಗುಪ್ತಕಾಶಿ, ಫಾಟಾ, ಸಿರ್ಸಿ ಮೂರೂ ಕಡೆಯ ಹೆಲಿಪ್ಯಾಡ್‌ಗೂ ಅಲ್ಲೇ. (ಈ ಸಿರ್ಸಿ ಅಲ್ಲಿಯ ಊರು, ನಮ್ಮ ಉತ್ತರ ಕನ್ನಡದ ಶಿರಸಿ ಅಲ್ಲ!) ಅದಕ್ಕೂ ಮೊದಲು ಉತ್ತರಾಖಂಡ ಸರ್ಕಾರದ ಚಾರ್‌ಧಾಮ್ ಯಾತ್ರೆ ರಿಜಿಸ್ಟ್ರೇಷನ್ ಆಗಿರಬೇಕು, ಆ ನಂಬರ್ ಇಲ್ದೇ ಹೆಲಿಕಾಪ್ಟರ್ ಬುಕ್ ಆಗಲ್ಲ. ನಿಮ್ಮನ್ನ ಅದು ಕೇಳದೇನೇ ಸೀಟ್ ಕೊಡ್ತೀನಿ ಅಂದ್ರೆ ಅಲ್ಲೇ ಗೊತ್ತಾಗತ್ತೆ.

ಬೀಗದ ಚಿಹ್ನೆ ನಂಬ್ಕೊಂಡು ಕೂರ್ಬೇಡಿ. ನಿಮಗೂ ಆ ಸೈಟ್‌ಗೂ ನಡುವೆ ಹೋಗೋ ಮಾಹಿತಿಯನ್ನ ದಾರೀಲಿ ಬೇರೆಯವ್ರು ಓದಕ್ಕಾಗಲ್ಲ ಅಂತಷ್ಟೇ ಅದರ ಅರ್ಥ, ಆ ಕಡೆ ಇರೋದು ಯಾರು ಅಂತ ಅದು ಹೇಳಲ್ಲ. ಆ ಬೀಗ ಬರೋಕೆ ಸೈಟ್‌ಗೆ ಬೇಕಾದ ಸರ್ಟಿಫಿಕೇಟ್ ಕಳ್ಳರಿಗೂ ಪುಕ್ಕಟೆ ಸಿಗತ್ತೆ. ಅದಕ್ಕೇನೋ ಏನೋ ಕ್ರೋಮ್‌ನವ್ರು 2023ರಲ್ಲಿ ಆ ಬೀಗವನ್ನೇ ತೆಗೆದುಹಾಕಿದ್ರು. ನೋಡಬೇಕಾಗಿದ್ದು ವಿಳಾಸ, ಅದನ್ನ ಬಲಗಡೆಯಿಂದ ಓದಬೇಕು. ಅಸಲಿ ವಿಳಾಸ ಹೆಲಿಯಾತ್ರಾ ಡಾಟ್ ಐಆರ್‌ಸಿಟಿಸಿ ಡಾಟ್ ಕೋ ಡಾಟ್ ಇನ್, ಅಂದ್ರೆ ಕೋ ಡಾಟ್ ಇನ್‌ಗೆ ಅಂಟ್ಕೊಂಡಂಗೆ ಎಡಗಡೆ ಐಆರ್‌ಸಿಟಿಸಿ ಮಾತ್ರ ಇರಬೇಕು. ಐಆರ್‌ಸಿಟಿಸಿ ಹೈಫನ್ ಹೆಲಿಯಾತ್ರಾ ಡಾಟ್ ಕಾಮ್, ಐಆರ್‌ಸಿಟಿಸಿ ಡಾಟ್ ಇನ್ನೇನೋ ಡಾಟ್ ಆನ್‌ಲೈನ್, ಇವೆಲ್ಲ ಹೆಸರು ಬಳಸ್ಕೊಂಡಿರೋದು ಅಷ್ಟೇ. ಇನ್ನು ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಕೇಳೋಕೆ ಮುಂಚೆ ಯಾರಿಗೆ ಹೋಗ್ತಿದೆ ಅಂತ ಹೆಸರು ತೋರ್ಸತ್ತೆ, ಹೆಲಿಕಾಪ್ಟರ್ ಟಿಕೆಟ್‌ಗೆ ಯಾವುದೋ ವ್ಯಕ್ತಿ ಹೆಸರು ಬಂದ್ರೆ ಅಲ್ಲೇ ಬ್ಯಾಕ್ ಒತ್ತಿ.

ಪ್ರಶ್ನೆ: ನಮ್ಮೂರಲ್ಲಿ ಸೈಬರ್ ಸೆಂಟರ್‌ನವ್ರ ಹತ್ರ ರೈಲು ಟಿಕೆಟ್ ಮಾಡ್ಸಿದ್ದೆ, ಕ್ಯಾಶ್ ಕೊಟ್ಟಿದ್ದೆ. ಕ್ಯಾನ್ಸಲ್ ಮಾಡ್ಸಿ ತಿಂಗಳಾಯ್ತು, ಕೇಳಿದ್ರೆ "ರೈಲ್ವೆಯಿಂದ ಬಂದಿಲ್ಲ" ಅಂತಾರೆ. (ಅರಸೀಕೆರೆ ಹತ್ರದ ಓದುಗರು)

ಉತ್ತರ: ಮೇಲೆ ಹೇಳಿದ ಲೆಕ್ಕನೇ ಅಣ್ಣ. ದುಡ್ಡು ಕಟ್ಟಿದ್ದು ಅವ್ರ ಅಕೌಂಟ್, ಹಾಗಾಗಿ ರಿಫಂಡ್ ಬರೋದೂ ಅವ್ರಿಗೇ. ತಿಂಗಳಾಗಿದೆ ಅಂದ್ರೆ ಬಂದೇ ಇರತ್ತೆ ಅಂತ ನನ್ನ ಅಂದಾಜು, ಅವ್ರ ಲಾಗಿನ್‌ನಲ್ಲಿ ರಿಫಂಡ್ ಹಿಸ್ಟರಿ ತೋರ್ಸಿ ಅಂತ ಎದುರಿಗೇ ಕೂತು ಕೇಳಿ.

ಅವ್ರು ಐಆರ್‌ಸಿಟಿಸಿಯ ಅಧಿಕೃತ ಏಜೆಂಟ್ ಆಗಿದ್ರೆ ಇದಕ್ಕೊಂದು ವ್ಯವಸ್ಥೆ ಇದೆ. ಬುಕ್ ಮಾಡೋವಾಗ ಕೊಟ್ಟ ಮೊಬೈಲ್‌ಗೆ ರಿಫಂಡ್ ಎಷ್ಟು ಅಂತ ಮೆಸೇಜೂ ಒಟಿಪಿನೂ ಬರತ್ತೆ, ಪ್ರಯಾಣಿಕರು ದುಡ್ಡು ಇಸ್ಕೊಂಡು ಆ ಒಟಿಪಿ ಹೇಳಬೇಕು. ಯಾರಿಗೂ ಒಟಿಪಿ ಹೇಳ್ಬೇಡಿ ಅಂತ ಬಡ್ಕೊಳೋ ನಾನೇ ಹೇಳಿ ಅನ್ನೋದು ಇದೊಂದೇ ಜಾಗದಲ್ಲಿ, ಅದೂ ಎದುರುಬದುರು ನಿಂತು, ದುಡ್ಡು ಕೈಗೆ ಬಂದ್ಮೇಲೆ. ಆದ್ರೆ ಅಂಗಡಿಯವ್ರು ಅಲ್ಲಿ ತಮ್ಮದೇ ನಂಬರ್ ಹಾಕಿರ್ತಾರೆ, ಒಟಿಪಿ ಅವ್ರಿಗೇ ಹೋಗತ್ತೆ, ನಿಮಗೆ ಗೊತ್ತೇ ಆಗಲ್ಲ. ಮುಂದಿನ ಸಲ ಪಕ್ಕದಲ್ಲಿ ನಿಂತು ನಿಮ್ಮ ನಂಬರ್ ಹಾಕ್ಸಿ. ಏಜೆಂಟೂ ಅಲ್ಲ, ತಮ್ಮ ಪರ್ಸನಲ್ ಐಡಿಯಲ್ಲೇ ಮಾಡ್ಕೊಟ್ಟು ಕಮಿಷನ್ ತಗೊಂಡ್ರು ಅಂದ್ರೆ ಅದು ರೈಲ್ವೆ ಕಾಯ್ದೆಯ ಸೆಕ್ಷನ್ 143ರಲ್ಲಿ ಅಪರಾಧ, 3 ವರ್ಷದವರೆಗೆ ಜೈಲಿದೆ. ಊರಿನವ್ರ ಜೊತೆ ಜಗಳ ಬೇಡ ಅನ್ಸತ್ತೆ ನಿಮಗೆ, ಆದ್ರೂ ಈ ಸೆಕ್ಷನ್ ನಂಬರ್ ಒಂದ್ಸಲ ಅವ್ರ ಕಿವಿಗೆ ಬಿದ್ರೆ ದುಡ್ಡು ಬೇಗ ಬರಬಹುದು.

ಪ್ರಶ್ನೆ: ಬುಕಿಂಗ್ ಆ್ಯಪ್‌ನಲ್ಲಿ "ಕಾರ್ಡ್ ಸೇವ್ ಮಾಡಲಾ" ಅಂತ ಕೇಳತ್ತೆ, ಮಾಡ್ಬಹುದಾ? ಇನ್ನೊಂದು, ತತ್ಕಾಲ್ ಟೈಮಲ್ಲಿ ನಂಗೆ ಬುಕ್ ಮಾಡಕ್ಕೇ ಬಿಡ್ತಿಲ್ಲ. (ತುಮಕೂರು)

ಉತ್ತರ: ನಮ್ಮ ದೇಶದ ಆ್ಯಪ್‌ಗಳಲ್ಲಿ ಭಯ ಕಮ್ಮಿ, 2022ರ ಅಕ್ಟೋಬರ್‌ನಿಂದ ಅಂಗಡಿ, ಆ್ಯಪ್ ಯಾರೂ ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಕೊಳ್ಳೋ ಹಾಗಿಲ್ಲ, ಬದಲಿಗೆ ಟೋಕನ್, ಅಂದ್ರೆ ಆ ಆ್ಯಪ್‌ಗಷ್ಟೇ ನಡೆಯೋ ಬದಲಿ ನಂಬರ್ ಇರತ್ತೆ, ಅದು ಕದ್ರೂ ಬೇರೆ ಕಡೆ ನಡೆಯಲ್ಲ. ವಿದೇಶಿ ಹೋಟೆಲ್ ಸೈಟ್‌ಗಳಿಗೆ ಈ ಧೈರ್ಯ ಬೇಡ, ಅಲ್ಲಿ ಕೆಲವು ಕಡೆ ಒಟಿಪಿನೂ ಕೇಳದೇ ದುಡ್ಡು ಎಳ್ಕೋತಾರೆ. ಬ್ಯಾಂಕ್ ಆ್ಯಪ್‌ಗೆ ಹೋಗಿ ಇಂಟರ್‌ನ್ಯಾಷನಲ್ ಪೇಮೆಂಟ್ ಆಫ್ ಮಾಡಿಡಿ, ಬೇಕಾದಾಗ ಆನ್ ಮಾಡ್ಕೊಂಡ್ರಾಯ್ತು.

ತತ್ಕಾಲ್ ವಿಷ್ಯ, 2025ರ ಜುಲೈನಿಂದ ಆಧಾರ್ ವೆರಿಫೈ ಆಗಿರೋ ಐಡಿಗೆ ಮಾತ್ರ ತತ್ಕಾಲ್. ಮೈ ಅಕೌಂಟ್‌ನಲ್ಲಿ ಆಥೆಂಟಿಕೇಟ್ ಯೂಸರ್ ಅಂತ ಇದೆ, ಆಧಾರ್‌ಗೆ ಲಿಂಕ್ ಆಗಿರೋ ನಂಬರ್ ಕೈಯಲ್ಲಿ ಇಟ್ಕೊಂಡು ಹಿಂದಿನ ದಿನವೇ ಮುಗಿಸಿ, ಬುಕ್ ಮಾಡೋವಾಗಲೂ ಅದೇ ನಂಬರಿಗೆ ಒಟಿಪಿ ಬರತ್ತೆ. ಆ ಸಿಮ್ ಊರಲ್ಲಿ ಅಪ್ಪನ ಕೀಪ್ಯಾಡ್ ಫೋನಲ್ಲಿದ್ರೆ ಅವ್ರಿಗೆ ಮೊದಲೇ ಹೇಳಿರಿ, ಎಸಿಗಾದ್ರೆ 10 ಗಂಟೆಗೆ, ಸ್ಲೀಪರ್‌ಗಾದ್ರೆ 11ಕ್ಕೆ ಫೋನ್ ಪಕ್ಕದಲ್ಲೇ ಇರಿ ಅಂತ.