ವಿಮಾನ ಮ್ಯೂಸಿಯಂ ರಿಪೇರಿಯಲ್ಲಿದ್ದಾಗ ಹೋದರೆ ದಂಡವಾ?

"ವಾಷಿಂಗ್ಟನ್ ಡಿ.ಸಿ.ಯಲ್ಲಿ ಎರಡು ದಿನ ಇರ್ತೀವಿ. ಅಲ್ಲಿನ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ ನವೀಕರಣ ವರ್ಷಗಳಿಂದ ನಡೀತಿದೆಯಂತೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಸಮಯ ದಂಡ ಆಗುತ್ತಾ?" ಅಂತ ಕೇಳಿದ್ದೀರಿ.

ಹೋಗಿ. ನಾನು 2023ರ ಬೇಸಿಗೆಯಲ್ಲಿ, ಅರ್ಧ ಕಟ್ಟಡ ಮುಚ್ಚಿದ್ದಾಗ, ಅಪ್ಪನ ಜೊತೆ ಹೋಗಿದ್ದೆ. ಆಮೇಲೆ ಹೋಗಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸಿಲ್ಲ. ಆದರೆ ಒಂದು ಮಾತು. ಯಾವುದೋ ಒಂದೇ ವಿಮಾನ ನೋಡಬೇಕು ಅಂತ ಆಸೆ ಇಟ್ಟುಕೊಂಡು ಹೊರಟಿದ್ದರೆ, ಅದು ಸದ್ಯ ಪ್ರದರ್ಶನದಲ್ಲಿದೆಯಾ ಅಂತ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿ. ನಾನು ಮಾಡದೆ ಬಿಟ್ಟಿದ್ದು ಇದನ್ನೇ. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ನೋಡಬೇಕು ಅಂತ ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದರು. ಅದು ಇರುವ ಹಾಲ್ ಆಗ ಮುಚ್ಚಿತ್ತು! ಅವರ ಮುಖ ನೋಡೋಕಾಗಲಿಲ್ಲ.

ಈಗ ಪರಿಸ್ಥಿತಿ ಎಷ್ಟೋ ವಾಸಿ. ಕಟ್ಟಡ ತೆರೆದಿದ್ದು 1976ರ ಜುಲೈ 1ರಂದು. ಹೊರಗಿನ ಅಮೃತಶಿಲೆಯ ಹಲಗೆಗಳು ತೆಳುವಾಗಿದ್ದು ಕಾಲಕ್ರಮೇಣ ಬಗ್ಗಿಹೋಗಿದ್ದವು, ಒಳಗಿನ ಎ.ಸಿ. ವ್ಯವಸ್ಥೆಯೂ ಹಳೆಯದಾಗಿತ್ತು. ಹಾಗಾಗಿ 2018ರಲ್ಲಿ ಕೆಲಸ ಶುರು ಮಾಡಿದರು. ಮಧ್ಯೆ ಕೆಲವು ತಿಂಗಳು ಪೂರ್ತಿ ಬಾಗಿಲು ಹಾಕಿ, 2022ರ ಅಕ್ಟೋಬರ್ 14ಕ್ಕೆ ಪಶ್ಚಿಮ ಭಾಗದ 8 ಗ್ಯಾಲರಿ ತೆರೆದರು. ನಾವು ನೋಡಿದ್ದು ಅಷ್ಟನ್ನೇ. 2025ರ ಜುಲೈನಲ್ಲಿ ಇನ್ನೂ 5 ಸೇರಿಕೊಂಡವು. ಅಪ್ಪನ ಲಿಂಡ್‌ಬರ್ಗ್ ವಿಮಾನದ ಹಾಲ್ ಕೂಡ ಅದರಲ್ಲೇ ಬಂತು. ನಮ್ಮ ಅದೃಷ್ಟ ಅಷ್ಟು.

ಪ್ರವೇಶ ಉಚಿತ, ಆದರೆ ನಾವು ಹೋದಾಗ ಸಮಯ ನಮೂದಿಸಿದ ಪಾಸ್ ಬೇಕಿತ್ತು. ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಸಿಗದಿದ್ದರೆ ಗಾಬರಿ ಬೇಡ, ಆವತ್ತಿನ ಒಂದಷ್ಟು ಪಾಸ್ ಬೆಳಿಗ್ಗೆ 8:30ಕ್ಕೆ ಬಿಡುತ್ತಿದ್ದರು. ಬಾಗಿಲು ಯಾವ ಕಡೆ ಅನ್ನೋದನ್ನೂ ನೋಡಿಕೊಳ್ಳಿ. ಕೆಲಸ ನಡೆಯುವಾಗ ಬಾಗಿಲೂ ಜಾಗ ಬದಲಿಸುತ್ತದೆ. ನಾವು ನ್ಯಾಷನಲ್ ಮಾಲ್ ಅನ್ನೋ ದೊಡ್ಡ ಹುಲ್ಲುಹಾಸಿನ ಕಡೆಯಿಂದ ಹೋದರೆ ಬರೀ ಬೇಲಿ. ಒಳಗೆ ಬಿಡುತ್ತಿದ್ದದ್ದು ಹಿಂದುಗಡೆ, ಇಂಡಿಪೆಂಡೆನ್ಸ್ ಅವೆನ್ಯೂ ಕಡೆಯಿಂದ. ಮೂರು ಬ್ಲಾಕ್ ಉದ್ದದ ಕಟ್ಟಡ ಸುತ್ತುವಷ್ಟರಲ್ಲಿ ಅಪ್ಪನ ಮಂಡಿ ಹಿಡಿದುಕೊಂಡಿತು. ಮೊದಲೇ ಓದಿಕೊಳ್ಳದ ತಪ್ಪು ನನ್ನದೇ.

ಒಳಗೆ ಹೋದ ಮೇಲೆ ಮಾತ್ರ ಅರ್ಧ ಮುಚ್ಚಿದ್ದೇ ಅನುಕೂಲವಾಯಿತು. ಎಲ್ಲವೂ ತೆರೆದಿದ್ದರೆ ಅದು ನೋಡಬೇಕು, ಇದು ನೋಡಬೇಕು ಅಂತ ಓಡುತ್ತಿದ್ದೆವು. ಎಂಟೇ ಗ್ಯಾಲರಿ ಇದ್ದದ್ದರಿಂದ ರೈಟ್ ಸಹೋದರರ ವಿಮಾನದ ಮುಂದೆ ಮುಕ್ಕಾಲು ಗಂಟೆ ಸುಮ್ನೆ ನಿಂತೆವು. ಅದು ಮೇಲೆ ತೂಗುಹಾಕಿದ್ದಲ್ಲ, ನೆಲದ ಮೇಲೇ ಇದೆ. ನಕಲೂ ಅಲ್ಲ, 1903ರ ಡಿಸೆಂಬರ್ 17ರಂದು ಹಾರಿದ್ದೇ ಅದು. ರೆಕ್ಕೆಯ ಬಟ್ಟೆಯನ್ನು ಮಾತ್ರ 1985ರಲ್ಲಿ ಬದಲಿಸಿದ್ದಾರೆ.

ಅಪ್ಪ ರೆಕ್ಕೆ ನೋಡಲೇ ಇಲ್ಲ. ನೇರ ಎಂಜಿನ್ ಹಿಂದೆ ಕಣ್ಣು ನೆಟ್ಟರು. "ಏಯ್, ಇದು ಸೈಕಲ್ ಚೈನ್ ಥರಾನೇ ಇದೆ ಅಲ್ವೇನೋ?" ಹೌದು, ಒಂದು ಎಂಜಿನ್, ಎರಡು ಪ್ರೊಪೆಲ್ಲರ್, ನಡುವೆ ಚೈನ್. ಸೈಕಲ್ ಅಂಗಡಿ ಇಟ್ಟಿದ್ದವರು ತಾನೇ. ಒಂದು ಕಡೆಯ ಚೈನ್ ನೇರವಾಗಿದೆ, ಇನ್ನೊಂದು ಕಡೆಯದನ್ನು ಇಂಗ್ಲಿಷ್ ಎಂಟರ ಹಾಗೆ ಅಡ್ಡಹಾಯಿಸಿದ್ದಾರೆ. ಹಾಗೆ ಮಾಡಿದರೆ ಎರಡು ಪ್ರೊಪೆಲ್ಲರ್ ಎದುರುಬದುರು ದಿಕ್ಕಿಗೆ ತಿರುಗುತ್ತವೆ, ವಿಮಾನ ಒಂದು ಕಡೆ ವಾಲುವುದಿಲ್ಲ. ಗೇರ್ ಇಲ್ಲ, ಏನಿಲ್ಲ, ಚೈನ್ ತಿರುಚಿದರು, ಮುಗೀತು! ಪೈಲಟ್‌ಗೆ ಸೀಟೂ ಇಲ್ಲ, ಬೋರಲು ಮಲಗಬೇಕು. ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಅದೇ ದಿನದ ನಾಲ್ಕನೆಯದು 59 ಸೆಕೆಂಡ್, 852 ಅಡಿ. ಆಮೇಲೆ ಗಾಳಿ ಎತ್ತಿ ಮಗುಚಿ ಹಾಕಿತು. ಆ ವಿಮಾನ ಮತ್ತೆ ಹಾರಲೇ ಇಲ್ಲ.

ಚಂದ್ರನಿಂದ ವಾಪಸ್ ಬಂದ ಅಪೊಲೊ 11ರ ಕೊಲಂಬಿಯಾ ನೌಕೆ ಕೂಡ ತೆರೆದಿದ್ದ ಭಾಗದಲ್ಲೇ ಇತ್ತು. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬಿಡುತ್ತೇನೆ.

ನಿಮ್ಮ ಎರಡನೇ ದಿನವನ್ನು ಇದೇ ಮ್ಯೂಸಿಯಂನ ಇನ್ನೊಂದು ಶಾಖೆಗೆ ಕೊಡಿ. ಅದು ವರ್ಜೀನಿಯಾದ ಡಲ್ಲೆಸ್ ವಿಮಾನ ನಿಲ್ದಾಣದ ಹತ್ತಿರದ ಉದ್ವಾರ್-ಹೇಜಿ ಸೆಂಟರ್. ನಮಗೆ ಪಾಸ್ ಕೇಳಲಿಲ್ಲ, ಕಾರ್ ನಿಲ್ಲಿಸೋಕೆ 15 ಡಾಲರ್ ತೆಗೆದುಕೊಂಡರು. ದೊಡ್ಡ ದೊಡ್ಡ ವಿಮಾನಗಳೆಲ್ಲ ಅಲ್ಲೇ ಇವೆ. ಲಾಸ್ ಏಂಜಲಿಸ್‌ನಿಂದ ವಾಷಿಂಗ್ಟನ್‌ಗೆ 1 ಗಂಟೆ 4 ನಿಮಿಷದಲ್ಲಿ ಬಂದ ಕಪ್ಪು ಬೇಹುಗಾರಿಕೆ ವಿಮಾನ ಎಸ್‌ಆರ್-71 ಇದೆ. 39 ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದ ಡಿಸ್ಕವರಿ ಷಟಲ್ ಇದೆ. ಡಿಸ್ಕವರಿಯ ಮೈಮೇಲಿನ ಸುಟ್ಟ ಕಲೆಗಳನ್ನು ಹಾಗೇ ಬಿಟ್ಟಿದ್ದಾರೆ, ಉಜ್ಜಿ ತೊಳೆದಿಲ್ಲ.

ರಿಪೇರಿ ಅಂದರೆ ಬೇಸರ ಪಡುವವರು ಅಲ್ಲಿನ ದುರಸ್ತಿ ಹ್ಯಾಂಗರ್ ತಪ್ಪಿಸಿಕೊಳ್ಳಬಾರದು. ಮೇಲೆ ಗಾಜಿನ ಹಿಂದೆ ನಿಂತು ಕೆಳಗೆ ನಡೆಯುವ ಕೆಲಸ ನೋಡಬಹುದು. ನಾವು ಹೋದಾಗ 'ಫ್ಲಾಕ್-ಬೇಟ್' ಅನ್ನೋ ಎರಡನೇ ಮಹಾಯುದ್ಧದ ಬಾಂಬರ್ ಬಿಡಿ ಭಾಗಗಳಾಗಿ ಅಲ್ಲಿತ್ತು. ಹೆಸರಿನ ಅರ್ಥ, ವಿಮಾನ ಉರುಳಿಸೋಕೆ ಕೆಳಗಿನಿಂದ ಹಾರಿಸುವ ಫಿರಂಗಿ ಗುಂಡುಗಳಿಗೆ ಹಾಕಿದ ಗಾಳ ಅಂತ. ಪೈಲಟ್ ತನ್ನ ಮನೆಯ ನಾಯಿಯ ಅಡ್ಡಹೆಸರನ್ನು ತಿರುಚಿ ಇಟ್ಟಿದ್ದು. ಅದರ ಅಡ್ಡಹೆಸರು 'ಫ್ಲೀ-ಬೇಟ್', ಚಿಗಟಕ್ಕೆ ಗಾಳ! 200ಕ್ಕೂ ಹೆಚ್ಚು ಸಲ ದಾಳಿಗೆ ಹೋಗಿ, ಸಾವಿರಕ್ಕೂ ಜಾಸ್ತಿ ತೂತು ಹೊತ್ತುಕೊಂಡು ಬಂದ ವಿಮಾನ ಅದು. ಮೊದಲು ಊರೊಳಗಿನ ಮ್ಯೂಸಿಯಂನಲ್ಲಿ ಇದರ ಮೂತಿ ಮಾತ್ರ ಇಟ್ಟಿದ್ದರು. ನಾವು ಹೋದಾಗ ನಡೀತಿದ್ದದ್ದು ಪೂರ್ತಿ ವಿಮಾನ ಜೋಡಿಸುವ ಕೆಲಸ.

"ಹೊಸ ಬಣ್ಣ ಹೊಡೆಯಲ್ವಾ?" ಅಂತ ಅಲ್ಲಿದ್ದ ವಾಲಂಟಿಯರ್ ಒಬ್ಬರನ್ನು ಕೇಳಿದೆ. ಇಲ್ಲವಂತೆ. ಯುದ್ಧದಿಂದ ಬಂದ ಬಣ್ಣ, ಆಗ ಹಾಕಿದ ತೇಪೆ, ಎರಡನ್ನೂ ಹಾಗೇ ಉಳಿಸುತ್ತಾರಂತೆ. ಅಪ್ಪ ಗಾಜಿಗೆ ಹಣೆ ಒತ್ತಿ ತೇಪೆ ಎಣಿಸೋಕೆ ಶುರು ಮಾಡಿದರು. ನಲವತ್ತರ ಹತ್ತಿರ ಯಾರೋ "ಎಕ್ಸ್‌ಕ್ಯೂಸ್ ಮಿ" ಅಂದರು, ಲೆಕ್ಕ ತಪ್ಪಿತು. ಮತ್ತೆ ಒಂದರಿಂದ.