"ನೋಡುವ" ಎಂದದ್ದು ಎರಡು ಸಲ

(ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಮಲ್ಪೆ ಕಡೆಯ ಒಂದು ಮೀನಿನ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಅವರು. ಜೂನ್ ಕೊನೆಗೆ ಉಡುಪಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೂತವರು ಮೊದಲು ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು. ಪರದೆಯಲ್ಲಿ ಒಂದೇ ಅಂಕಿ, ಮೈನಸ್ 18.4. ಸ್ಟೋರೇಜಿನ ಒಳಗಿನ ತಂಪು ಅದು. ಪರದೆ ಆರಿದಾಗಲೆಲ್ಲ ಮಾತು ನಿಲ್ಲಿಸಿ ಬೆರಳಿನಿಂದ ತಟ್ಟುತ್ತಿದ್ದರು. ನಿದ್ದೆ ಇಲ್ಲ, ಗುಡುಗು ಕೇಳಿದರೆ ಸಾಕು, ನಡುರಾತ್ರಿ ಬೈಕ್ ತೆಗೆದು ಪ್ಲಾಂಟಿಗೆ ಹೊರಟುಬಿಡುತ್ತಾರಂತೆ.

ಆದದ್ದು ಇಷ್ಟು. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಮೇ ಕೊನೆಗೆ ಬೊಂಡಾಸ್, ರಾಣಿಮೀನು ಎಲ್ಲ ತಂದು ಸ್ಟೋರೇಜ್ ಭರ್ತಿ ಮಾಡಿದ್ದರು. ಅದೇ ಹೊತ್ತಿಗೆ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಕರೆಂಟ್ ಬಂದದ್ದು ಮರುದಿನ ಸಂಜೆ. ಮಾಲು ಮೆತ್ತಗಾಗಿತ್ತು, ರಫ್ತಿನವರು ಬೇಡ ಅಂದರು, ಕೊನೆಗೆ ಫಿಶ್‌ಮೀಲ್ ಫ್ಯಾಕ್ಟರಿಗೆ ಸಿಕ್ಕಿದ ರೇಟಿಗೆ ಹೋಯಿತು.

"ನಾನೊಬ್ಬ ಇಲ್ಲದಿದ್ರೆ ಧಣಿಗಳಿಗೆ ಇಷ್ಟು ಲಾಸ್ ಆಗ್ತಿರಲಿಲ್ಲ ಮೇಡಂ" ಎಂದರು. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಒಂದೆರಡು ಸಲ ಬಂದಿದೆ ಎಂದರು. ಹಾಗಾಗಿ ಆ ದಿನ ಬೇರೆ ಮಾತೇ ಬೇಡ ಅನಿಸಿತು. ಮನೋವೈದ್ಯರ ಹತ್ತಿರ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಚೀಟಿಯಲ್ಲಿ ಬರೆದು ಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡನೇ ಸಲ ಬಂದಾಗ, ಆ ರಾತ್ರಿಯದ್ದನ್ನು ಗಂಟೆ ಗಂಟೆಯಾಗಿ ಬರೆಯಿರಿ ಎಂದೆ. ಹಾಳೆ ತುಂಬ "ನನ್ನ ತಪ್ಪು, ನನ್ನ ತಪ್ಪು" ಎಂದೇ ಇತ್ತು. ವಾಪಸ್ ಕೊಟ್ಟು, ಎಷ್ಟು ಗಂಟೆಗೆ ಏನಾಯಿತು ಅಷ್ಟೇ ಬರೆಯಿರಿ ಎಂದೆ. ಆಗ ಹೊರಗೆ ಬಂತು. ಬಾಗಿಲು ಮುಚ್ಚಿಯೇ ಇಟ್ಟರೆ ಆ ದಪ್ಪ ಗೋಡೆ ತುಂಬ ಹೊತ್ತು ತಂಪು ಹಿಡಿದಿಡುತ್ತದೆ. ಇವರು ಆತಂಕದಲ್ಲಿ ಬೆಳಗಾಗುವ ತನಕ ಹನ್ನೊಂದು ಸಲ ಬಾಗಿಲು ತೆಗೆಸಿ ನೋಡಿದ್ದರು! ಈಗ ಫೋನ್ ತಟ್ಟುವುದೂ ಅದೇ ಅಲ್ವಾ ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡರು.

ಕರೆಂಟ್ ಹೋಗುವ ಮೊದಲು ಎಂತ ಆಗಿತ್ತು ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ಹಾಳೆಯ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ರಾತ್ರಿ ಪಾಳಿಯ ಆಪರೇಟರ್ ಮೇ ತಿಂಗಳಲ್ಲಿ ಎರಡು ಸಲ ಬ್ಯಾಟರಿ ವೀಕ್ ಆಗಿದೆ ಎಂದು ಹೇಳಿದ್ದರು. ಎರಡು ಸಲವೂ ಇವರು "ನೋಡುವ" ಅಂದಿದ್ದರು. ನಮ್ಮ ಊರಲ್ಲಿ ನೋಡುವ ಅಂದರೆ ಮಾತು ಮುಗಿಯಿತು ಅಂತಲೇ ಜನ ತಿಳಿಯುವುದು. ಅದು ಸಾಲದು ಎಂದು, ಆ ಬೆಳಿಗ್ಗೆ ಅದೇ ಆಪರೇಟರಿಗೆ ಎಲ್ಲರೆದುರು ಬೈದಿದ್ದರು.

ಇಡೀ ತಪ್ಪನ್ನು ಹೊತ್ತುಕೊಂಡು ಕೂರುವುದು ಸುಲಭ, ಅದರಲ್ಲಿ ತನ್ನದು ಯಾವ ತುಂಡು ಎಂದು ಬೆರಳಿಟ್ಟು ತೋರಿಸುವುದು ತುಂಬ ಕಷ್ಟ. ಮ್ಯಾನೇಜರ್ ಆದವರಿಗಂತೂ ಇನ್ನೂ ಜಾಸ್ತಿ. "ನಾನೇ ಸರಿ ಇಲ್ಲ" ಎಂದರೆ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ. "ಎರಡು ಸಲ ನೋಡುವ ಅಂದೆ" ಎಂದರೆ ನಾಳೆ ಬೆಳಿಗ್ಗೆಯೇ ಕೆಲಸ ಇದೆ.

ಆ ಕೆಲಸ ಯಾವುದು ಎಂದು ಇಬ್ಬರೂ ಕೂತು ಯೋಚಿಸಿದೆವು. ಬೈದದ್ದು ಯಾರೆದುರೋ ಅವರೆದುರೇ ಆಪರೇಟರ್ ಹತ್ತಿರ ಕ್ಷಮೆ ಕೇಳಿ, "ಆದರೆ" ಸೇರಿಸಬೇಡಿ ಎಂದೆ. ಜನರೇಟರ್ ರೂಮಿನಲ್ಲಿ ಒಂದು ಪುಸ್ತಕ ಇಡುವುದು, ತೊಂದರೆ ಕಂಡವರು ಅದರಲ್ಲಿ ಬರೆಯುವುದು, ಯಾವ ದಿನ ಸರಿ ಮಾಡಿಸುತ್ತೇನೆ ಎಂದು ತಾರೀಕು ಹಾಕಿ ಇವರು ಸಹಿ ಮಾಡುವುದು ಎಂದಾಯಿತು. ವಾರಕ್ಕೊಮ್ಮೆ ಜನರೇಟರನ್ನು ಲೋಡ್ ಕೊಟ್ಟು ಓಡಿಸಿ ನೋಡುವುದು ಅವರದ್ದೇ ಯೋಚನೆ. ಫೋನಿಗೆ ಮೈನಸ್ 15ರ ಅಲಾರಂ ಇಟ್ಟು, ಅದು ಹೊಡೆಯದೆ ನೋಡಬೇಡಿ ಎಂದೆ. ಧಣಿಗಳ ಹತ್ತಿರ ಅದೇ ಹಾಳೆ ಹಿಡಿದು ಹೋಗಿ ಎಂದೆ.

ಹೋದರಂತೆ. ಧಣಿಗಳು ಪೂರ್ತಿ ಓದಿ, ಸ್ಪೇರ್ ಬ್ಯಾಟರಿಗೆ ಎಷ್ಟಾಗುತ್ತದೆ ಎಂದು ಕೇಳಿದರಂತೆ. ಕ್ಷಮೆ ಕೇಳಿದಾಗ ಆಪರೇಟರ್ ಹೆಚ್ಚು ಮಾತಾಡದೆ "ಚಾ ಕುಡಿವ ಬನ್ನಿ" ಎಂದು ಕರೆದುಕೊಂಡು ಹೋದರಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು.

ಗುಡುಗಿಗೆ ಈಗಲೂ ಎಚ್ಚರವಾಗುತ್ತದೆ. ತನ್ನ ಸಂಬಳದಲ್ಲಿ ಕಟ್ ಮಾಡಿ ಎಂದು ಧಣಿಗಳಿಗೆ ತಾನೇ ಹೇಳಿದ್ದು ಹೆಂಡತಿಗೆ ಇನ್ನೂ ಗೊತ್ತಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.