‘ನಾನು ಬಿಟ್ಟುಬಿಟ್ಟೆ’

ಈ ವರ್ಷ ಇದೇ ಮಾತು ಹೊತ್ತು ಸಲಹೆಗೆಂದು ನನ್ನ ಬಳಿ ಬಂದವರಲ್ಲಿ ಈ ನರ್ಸ್ ಮೂರನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 12 ವರ್ಷದ ಅನುಭವ. ನಿದ್ದೆ ಬರುತ್ತಿಲ್ಲ ಎಂದು ಬಂದರು. ಸೊಂಟನೋವಿನ ವಿಷಯ ಮಾತಿನ ನಡುವೆ ಸುಮ್ನೆ ಬಂದು ಹೋಯಿತು. ಮೂರನೇ ಭೇಟಿಯಲ್ಲಿ ಹೇಳಿದರು: ಪಾರ್ಶ್ವವಾಯು ಆಗಿದ್ದ ರೋಗಿಯನ್ನು ನಡೆಸುವಾಗ ಆ ರೋಗಿಯ ಕಾಲು ಕುಸಿಯಿತು. “ನಾನು ಬಿಟ್ಟುಬಿಟ್ಟೆ.” ರೋಗಿಯ ಮನೆಯವರೂ ಹಾಗೇ ಕೂಗಾಡಿದ್ದರಂತೆ.

ಹೇಗೆ ಬಿಟ್ಟಿರಿ, ಮಾಡಿ ತೋರಿಸಿ ಎಂದೆ. ಕುರ್ಚಿ ಸರಿಸಿದೆವು. ಅವರು ಕಾಲು ಅಗಲಿಸಿ, ಒಂದನ್ನು ಮುಂದಿಟ್ಟು ನಿಂತರು. ಅಲ್ಲಿಲ್ಲದ ರೋಗಿಯ ಸೊಂಟಕ್ಕೆ, ನಡೆಸುವಾಗ ಹಿಡಿಯಲೆಂದೇ ಕಟ್ಟುವ ಬೆಲ್ಟ್ ಹಿಡಿದು ಮೈಗೆ ಒತ್ತಿಕೊಂಡರು. ಮಂಡಿ ಬಗ್ಗಿಸುತ್ತಾ, ತಮ್ಮ ತೊಡೆಯ ಮೇಲೆ ಅವರನ್ನು ಜಾರಿಸುತ್ತಾ ನೆಲದವರೆಗೂ ಬಂದರು. ಒಂದು ಕೈ ಮಾತ್ರ ಗಾಳಿಯಲ್ಲೇ ಇತ್ತು.

“ಆ ಕೈ ಯಾಕೆ ಅಲ್ಲಿದೆ?”

“ತಲೆ ಬಡಿಯಬಾರದಲ್ವಾ?” ಎಂದರು. ಹಾಗೇ ನೆಲದ ಮೇಲೆ ಕೂತುಬಿಟ್ಟರು. ತುಂಬ ಹೊತ್ತು ಏಳಲಿಲ್ಲ. ನಾನೂ ಮಾತಾಡಲಿಲ್ಲ.

ರೋಗಿಗೆ ಒಂದು ಗೀರೂ ಆಗಿರಲಿಲ್ಲ. ಬೀಳುವವರನ್ನು ನಿಲ್ಲಿಸಿಯೇ ಹಿಡಿಯಲು ಹೋದರೆ ಬೆನ್ನು ತಿರುಚುತ್ತದೆ, ಎಷ್ಟೋ ಸಲ ಇಬ್ಬರೂ ಬೀಳುತ್ತಾರೆ. ಮೆಲ್ಲಗೆ ನೆಲಕ್ಕೆ ಇಳಿಸಿದ ಅವರು ಮಾಡಿದ್ದು ಕಲಿಸಿದ ಪಾಠವನ್ನೇ. ಆದರೆ ಆ ದಿನದಿಂದ ನಡೆಯಬಲ್ಲವರನ್ನೂ ಕಂಕುಳಿಗೆ ಕೈ ಹಾಕಿ ಒಬ್ಬರೇ ಎತ್ತತೊಡಗಿದ್ದರು. ಇದರಿಂದ ರೋಗಿಯ ಭುಜಕ್ಕೂ ಪೆಟ್ಟು, ಇವರ ಸೊಂಟಕ್ಕೂ ಪೆಟ್ಟು. ನಡೆಯದ ಕಾಲು ಇನ್ನೂ ಸೊರಗುತ್ತದೆ.

ಮೊದಲು ಸೊಂಟವನ್ನು ವೈದ್ಯರಿಗೆ ತೋರಿಸಿ, ಕೆಲಸದಿಂದ ಬಂದ ನೋವು ಎಂದು ಆಸ್ಪತ್ರೆಗೆ ಬರಹದಲ್ಲಿ ಕೊಡಿ ಎಂದೆ. ಮಂಚವನ್ನು ನಿಮ್ಮ ಸೊಂಟದ ಎತ್ತರಕ್ಕೆ ಏರಿಸದೆ ರೋಗಿಯನ್ನು ಹೊರಳಿಸಬೇಡಿ. ದಿಂಬಿನ ಕಡೆಗೆ ಸರಿಸಲು ಜಾರುಹಾಳೆ (ರೋಗಿಯ ಕೆಳಗೆ ಹಾಸುವ ನುಣುಪು ಬಟ್ಟೆ) ಬೇಕು, ಜೊತೆಗೆ ಇನ್ನೊಬ್ಬರು. ತಾವಾಗಿ ಏಳಲಾಗದವರಿಗೆ ಎತ್ತುವ ಯಂತ್ರ ಕೇಳಿ. ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ, ರೋಗಿಯನ್ನು ಕೈಯಿಂದ ಎತ್ತುವುದಕ್ಕೆ 35 ಪೌಂಡ್, ಅಂದರೆ ಸುಮಾರು 16 ಕೆಜಿಯ ಮಿತಿಯನ್ನು ಶಿಫಾರಸು ಮಾಡಿದರು. ದೊಡ್ಡವರ ಒಂದು ಕಾಲೇ 10 ಕೆಜಿ ತೂಗಬಹುದು! ಬರೀ ‘ಮಂಡಿ ಬಗ್ಗಿಸಿ, ಬೆನ್ನು ನೇರ ಇಡಿ’ ಎನ್ನುವ ತರಬೇತಿಯಿಂದ ಬೆನ್ನು ಉಳಿಯುವುದಿಲ್ಲ.

ಅವರ ಸಹೋದ್ಯೋಗಿಗೆ ಸಿಟ್ಟು ಬಂತಂತೆ. ರಾತ್ರಿ ಪಾಳಿಯಲ್ಲಿ ಇನ್ನೊಬ್ಬರು ಎಲ್ಲಿ ಸಿಗುತ್ತಾರೆ, ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ ಎಂದರಂತೆ. ನ್ಯಾಯವಾದ ಮಾತು. ಆದರೂ ನಾನು ಸಲಹೆ ಬದಲಿಸಲಿಲ್ಲ. ಜನ ಕಡಿಮೆ ಇರುವುದನ್ನು ಒಬ್ಬರ ಬೆನ್ನು ಮುಚ್ಚಿಡುತ್ತಾ ಹೋದರೆ, ಕಡಿಮೆ ಇದೆ ಎಂದು ಮೇಲಿನವರಿಗೆ ಗೊತ್ತಾಗುವುದಾದರೂ ಹೇಗೆ?

ಇನ್ನೊಂದು ಸಲಹೆಯನ್ನೂ ಕೊಟ್ಟೆ. ನಡೆಸುವ ಮೊದಲು ರೋಗಿಗೂ ಮನೆಯವರಿಗೂ ಹೇಳಿಬಿಡಿ: “ಕಾಲು ಕುಸಿದರೆ ನಿಮ್ಮನ್ನು ಮೆಲ್ಲಗೆ ನೆಲಕ್ಕೆ ಇಳಿಸುತ್ತೇನೆ.” ಮೊದಲ ದಿನ ಅದನ್ನು ಕೇಳಿದ ಅಜ್ಜಿಯೊಬ್ಬರು ಹೆದರಿ ಮಂಚದಿಂದ ಇಳಿಯಲೇ ಇಲ್ಲವಂತೆ. ಮಾರನೆಯ ದಿನ ಅವರೇ ಕರೆದು ಕೇಳಿದರಂತೆ, “ಎಲ್ಲಿ, ಇಳಿಸುವುದು ಹೇಗೆ, ಒಮ್ಮೆ ತೋರಿಸು.”